ಹೆಚ್ಚಿತ್, ಹೋ ಆಚಿಗೆ

ಕುಂದಾಪುರ ಕೋಡಿ
3 ನವೆಂಬರ್ 2014

ಶ್ರೀಶನಿಗೆ,

ನಾವು ಕ್ಷೇಮವಾಗಿಲ್ಲ. ಅದನ್ನು ತಿಳಿಸಲಿಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತು. ಮಾಡುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಎಂಥ ಸಿಟ್ಟಿನವನೂ ಮೆತ್ತಗಾಗುತ್ತಾನೆ. ಅದೇ ನಿನ್ನ ಉದ್ಯೋಗ. ಕಾಗದದಲ್ಲಿ ನೀನೂ ನಾನೂ ಸಮ.

ನೆನಪಿದೆಯೋ ಇಲ್ಲವೋ, 1997ರಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಒಂದೇ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಹೊರದೇಶದ ನಿಲಯಗಳನ್ನು ಹಿಡಿಯುತ್ತಿದ್ದೆವು. ಇಂಥ ದಿನ, ಇಂಥ ಹೊತ್ತಿಗೆ, ಇಂಥದ್ದು ಕೇಳಿಸಿತು ಎಂದು ವರದಿ ಬರೆದು ಹಾಕಿದರೆ ಎರಡು ತಿಂಗಳ ಮೇಲೆ ಆ ನಿಲಯದಿಂದ ಬಣ್ಣದ ಕಾರ್ಡು ಬರುತ್ತಿತ್ತು: ಹೌದು, ನೀವು ಕೇಳಿದ್ದು ನಮ್ಮನ್ನೇ. ಕೇಳಿದವನು ಸರಿಯಾದ ವರದಿ ಕೊಟ್ಟರೆ ನಿಲಯದವನು ಒಪ್ಪಿಕೊಳ್ಳಲೇಬೇಕು, ಅದು ರೇಡಿಯೊದ ಧರ್ಮ ಎಂದು ನನಗೆ ಪಾಠ ಹೇಳಿದವನು ನೀನು. ಹಾಗಾಗಿ ಇದನ್ನು ವರದಿ ಎಂದೇ ಓದು.

ಎರಡು ವಾರದಿಂದ ಬ್ರಹ್ಮಾವರದ ನಿಮ್ಮ ಪಡುಗಾಳಿ ಎಫ್‌ಎಂನಲ್ಲಿ ಒಂದು ಜಾಹೀರಾತು ಬರುತ್ತಿದೆ. ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಹೊಸದಾಗಿ ಬಾಗಿಲು ತೆರೆದ ಐಸ್ ಮೀನಿನ ಅಂಗಡಿಯದು. ಒಬ್ಬಳು ಕೇಳುತ್ತಾಳೆ, "ಮೀನ್ ಇತ್ತಾ?" ಇನ್ನೊಬ್ಬಳು ಹೇಳುತ್ತಾಳೆ, "ಹೆಚ್ಚಿತ್. ಹೋ ಆಚಿಗೆ." ಕೂಡಲೇ ಹತ್ತು ಜನ ನಗುವ ಸದ್ದು. ಆಮೇಲೆ ನಿನ್ನ ತುಪ್ಪದಂಥ ದನಿ: "ಮೀನು ಹೆಚ್ಚಿದೆಯಂತೆ, ಆದರೂ ಕೊಡುವುದಿಲ್ಲವಂತೆ. ಇಂಥವರ ಗೊಡವೆ ನಿಮಗೇಕೆ?"

ಆ ಎರಡನೆಯ ಹೆಂಗಸು ನನ್ನ ಅಮ್ಮ.

ಆಗಸ್ಟಿನಲ್ಲಿ ನೀನು ಯಾವುದೋ ಮಾರ್ಗದ ಬದಿಯ ಮಾತುಕತೆಯ ಕಾರ್ಯಕ್ರಮ ಎಂದು ಮೈಕು ಹಿಡಿದು ಕೋಟದ ಬಸ್ ಸ್ಟ್ಯಾಂಡಿಗೆ ಬಂದೆಯಲ್ಲ, ಅಮ್ಮ ಆ ದಿನ ಮನೆಗೆ ಬಂದು ಖುಷಿಯಲ್ಲಿ ಹೇಳಿದ್ದಳು, "ಶ್ರೀಶಯ್ಯ ಬಂದಿದ್ರ್, ನನ್ ಹತ್ರ ಅರ್ಧ ಗಂಟಿ ಕೂಕಂಡಿದ್ರ್." ಆ ಕಾರ್ಯಕ್ರಮ ಬರಲೇ ಇಲ್ಲ. ಇದು ಬಂತು.

ಈಗ ಕುಂದಾಪುರದಿಂದ ಕೋಟಕ್ಕೆ ಹೋಗುವ ಬಸ್ಸಿನಲ್ಲಿ ಅಮ್ಮ ಬುಟ್ಟಿ ಇಳಿಸುವ ಮೊದಲೇ ಯಾರಾದರೂ "ಹೆಚ್ಚಿತ್, ಹೋ ಆಚಿಗೆ" ಎನ್ನುತ್ತಾರೆ. ಕಂಡಕ್ಟರನೂ ನಗುತ್ತಾನೆ. ನಲವತ್ತು ವರ್ಷ ಕೂಗಿ ಮೀನು ಮಾರಿದವಳು ಈಗ ಬುಟ್ಟಿಯ ಮುಂದೆ ಬಾಯಿ ಮುಚ್ಚಿ ಕೂರುತ್ತಾಳೆ. ಕೂಗದವಳ ಮೀನು ಯಾರಿಗೆ ಬೇಕು?

ಜಾಹೀರಾತು ನಿಲ್ಲಬೇಕು. ಅದು ಅಮ್ಮನ ದನಿ, ಕೇಳದೆ ತೆಗೆದದ್ದು ಎಂದು ನಿಲಯ ಬಾಯಿ ಬಿಟ್ಟು ಹೇಳಬೇಕು. ಉತ್ತರಕ್ಕೆ ಕಾಯುತ್ತೇನೆ.

ನಾಗ


ಪಡುಗಾಳಿ ಎಫ್‌ಎಂ
ಬ್ರಹ್ಮಾವರ
19 ನವೆಂಬರ್ 2014

ಮಾನ್ಯ ಕೇಳುಗರೇ,

ತಮ್ಮ ಪತ್ರ ತಲುಪಿದೆ. ತಾವು ತಿಳಿಸಿರುವ ಜಾಹೀರಾತಿನಲ್ಲಿರುವುದು ಅಣಕು ಕಲಾವಿದೆಯೊಬ್ಬರ ಧ್ವನಿ. ಯಾವುದೇ ವ್ಯಕ್ತಿಯ ಧ್ವನಿಯೊಂದಿಗೆ ಹೋಲಿಕೆ ಕಂಡುಬಂದಲ್ಲಿ ಅದು ಆಕಸ್ಮಿಕ. ನಮ್ಮ ಕಾರ್ಯಕ್ರಮಗಳನ್ನು ಕೇಳುತ್ತಿರಿ.

ಇತಿ,
ಶ್ರೀಶ ಉಪಾಧ್ಯ
ಹಿರಿಯ ಉದ್ಘೋಷಕ
(ನಿಲಯದ ವ್ಯವಸ್ಥಾಪಕ ಬಾಲಚಂದ್ರ ಅವರ ಪರವಾಗಿ)


ಕುಂದಾಪುರ ಕೋಡಿ
22 ಡಿಸೆಂಬರ್ 2014

ಮಾನ್ಯ ಹಿರಿಯ ಉದ್ಘೋಷಕರೇ,

ನಮ್ಮ ಮನೆಯಲ್ಲಿ ಉಂಡು, ನಮ್ಮ ಜಗಲಿಯಲ್ಲಿ ಮಲಗಿ, ನನ್ನ ಚಪ್ಪಲಿ ಹಾಕಿಕೊಂಡು ಕಾಲೇಜಿಗೆ ಹೋದವನು ನನ್ನನ್ನು ಕೇಳುಗರೇ ಎಂದ. ಆಗಲಿ. ಕೇಳುಗನಾಗಿಯೇ ಬರೆಯುತ್ತೇನೆ. ಒಂದು ತಿಂಗಳು ನಾನು ಅದನ್ನೇ ಮಾಡಿದ್ದು.

ನನ್ನದು ಮೊಬೈಲ್ ರಿಪೇರಿ ಅಂಗಡಿ ಎಂದು ನಿನಗೆ ಗೊತ್ತು. ಅಂಗಡಿಗೆ ತರಿಸಿದ ಸಾಮಾನಿನಲ್ಲಿ ಬೆರಳುದ್ದದ ಒಂದು ಡಾಂಗಲ್ ಇತ್ತು. ಕಂಪ್ಯೂಟರಿನಲ್ಲಿ ಟಿವಿ ನೋಡುವುದಕ್ಕೆಂದು ಮಾರುವುದು. ಅದನ್ನು ಚುಚ್ಚಿ ಒಂದು ಸಾಫ್ಟ್‌ವೇರ್ ಹಾಕಿದರೆ ಕಂಪ್ಯೂಟರೇ ರೇಡಿಯೊ ಆಗುತ್ತದೆ. ತಿರುಗಿಸುವ ಗುಂಡಿ ಇಲ್ಲ, ಮುಳ್ಳಿಲ್ಲ. ಗಾಳಿಯಲ್ಲಿ ಬರುವ ಅಲೆಯೆಲ್ಲ ತೆರೆಯ ಮೇಲೆ ಬಣ್ಣವಾಗಿ ಇಳಿಯುತ್ತದೆ; ಬಂದದ್ದು ಬಂದ ಹಾಗೆ ಡಿಸ್ಕಿನಲ್ಲಿ ಕೂರುತ್ತದೆ. ಬ್ರಹ್ಮಾವರದ ನಿಮ್ಮ ಅಲೆ ನಮ್ಮ ಕೋಡಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಅದಕ್ಕೆ ಹಳೆ ಟಿವಿ ಆಂಟೆನಾದ ಕೊಳವೆಗಳನ್ನು ಅಳೆದು ಕತ್ತರಿಸಿ, ಹೊಸದೊಂದು ಕಟ್ಟಿ, ಹಂಚಿನ ಮೇಲೆ ಹತ್ತಿ ತೆಂಕು ಮುಖ ಮಾಡಿ ನಿಲ್ಲಿಸಿದೆ. ಹೆಂಡತಿ ರತ್ನ ಕೆಳಗೆ ನಿಂತು, ಮೂರು ಹಂಚು ಒಡೆದಿರಿ, ನಿಮ್ಮ ಸಿಟ್ಟಿಗೆ ಮನೆ ಸೋರುತ್ತದೆ ಎಂದಳು. ಸೋರಲಿ ಎಂದೆ.

ವರದಿ ಹೀಗಿದೆ. ನವೆಂಬರ್ 21ರಿಂದ ಡಿಸೆಂಬರ್ 20ರವರೆಗೆ, ನಿಮ್ಮ ಪ್ರಸಾರ ಶುರುವಾಗುವ ಮೊದಲಿನಿಂದ ಮುಗಿದ ಮೇಲಿನವರೆಗೆ, ಒಂದು ದಿನವೂ ಬಿಡದೆ ಹಿಡಿದಿದ್ದೇನೆ. ಆ ಜಾಹೀರಾತು ಮುನ್ನೂರ ಹನ್ನೆರಡು ಸಲ ಬಂದಿದೆ. ಹೆಚ್ಚಾಗಿ ಬರುವುದು ಬೆಳಗ್ಗೆ ಎಂಟೂ ಹತ್ತಕ್ಕೆ, ಬಸ್ಸುಗಳು ರೇಡಿಯೊ ಹಚ್ಚಿಕೊಂಡು ತುಂಬಿ ಹೊರಡುವ ಹೊತ್ತಿಗೆ. ಪ್ರತಿ ಸಲದ್ದೂ ದಿನ, ಗಂಟೆ, ನಿಮಿಷ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ.

ಇನ್ನು ನಿನ್ನ ಅಣಕು ಕಲಾವಿದೆಯ ವಿಷಯ.

"ಹೆಚ್ಚಿತ್" ಎನ್ನುವಾಗ ಹಿಂದೆ ಒಂದು ಬಸ್ಸು ನಿಂತು ಗುಡುಗುಡು ಎನ್ನುತ್ತಿದೆ. ಕಂಡಕ್ಟರ್ ಸಾಲಿಗ್ರಾಮ, ಬ್ರಹ್ಮಾವರ ಎಂದು ಕೂಗುತ್ತಿದ್ದಾನೆ. ನಿನ್ನ ಕಲಾವಿದೆ ಬಸ್ಸನ್ನೂ ಕಂಡಕ್ಟರನನ್ನೂ ಸ್ಟುಡಿಯೊದ ಒಳಗೆ ಕರೆದುಕೊಂಡು ಬಂದಿದ್ದಳೋ? "ಹೆಚ್ಚಿತ್" ಮುಗಿದ ಕ್ಷಣವೇ ಆ ಬಸ್ಸಿನ ಸದ್ದು ಕತ್ತಿಯಲ್ಲಿ ಕಡಿದ ಹಾಗೆ ನಿಲ್ಲುತ್ತದೆ. ತೆರೆಯ ಮೇಲೆ ಅದು ಗೀಟು ಹಾಕಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. "ಹೋ ಆಚಿಗೆ" ಎನ್ನುವಾಗ ಬಸ್ಸಿಲ್ಲ, ಒಂದು ಕಾಗೆ ಇದೆ. ಎರಡೂ ಬೇರೆ ಬೇರೆ ಹೊತ್ತಿನ ಮಾತು. ಅಂಟಿಸಿದ್ದೀರಿ.

ಆ ಎರಡನೆಯ ಮಾತಿನ ದನಿ ನನಗೆ ಗೊತ್ತು. ಬುಟ್ಟಿ ಮೂಸಲು ಬಂದ ನಾಯಿಗೆ ಅಮ್ಮ ಹೇಳುವ ದನಿ ಅದು. ಮನುಷ್ಯರ ಹತ್ತಿರ ಆ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ.

"ಹೆಚ್ಚಿತ್" ಎಂದರೆ ಏನೆಂದು ಪೇಟೆಯಿಂದ ಬಂದವನಿಗೆ ಗೊತ್ತಿಲ್ಲದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ನೀನು ಕೋಟದವನು. ಬುಟ್ಟಿ ಬರಿದಾಯಿತು, ಮುಗಿಯಿತು ಎಂದು ಬಾಯಿಂದ ಬರಬಾರದು ಎಂದು ಅವಳು ಹೆಚ್ಚಿತು ಎನ್ನುತ್ತಾಳೆ. ನಿನ್ನ ಮನೆಯಲ್ಲಿ ದೀಪದ ಎಣ್ಣೆ ತೀರಿದರೆ ಏನು ಹೇಳುತ್ತಾರೆ? ಗೊತ್ತಿದ್ದೂ ಅದನ್ನು ತಿರುಚಿ, ಇಟ್ಟುಕೊಂಡೂ ಕೊಡದವಳು ಎಂದು ಮಾಡಿದೆ.

ಮೊನ್ನೆ ಕೋಟದಲ್ಲಿ ಕಡೆಯ ಗಿರಾಕಿ ಬಂದಾಗ ಅಮ್ಮ "ಮುಗಿತ್" ಎಂದಳಂತೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಮನೆಗೆ ಬಂದು ಬುಟ್ಟಿಯನ್ನು ಕವುಚಿಟ್ಟು, ನಾಳೆಯಿಂದ ಹೋಗುವುದಿಲ್ಲ ಎಂದು ಒಳಗೆ ಹೋಗಿ ಮಲಗಿದಳು. ಬೆಳಗಾದ ಮೇಲೆ ರತ್ನ ಬೈದು ಕಳಿಸಿದಳು.

ಮೂಲ ರೆಕಾರ್ಡಿಂಗ್ ನಿನ್ನ ಹತ್ತಿರ ಇರಲೇಬೇಕು. ಅವಳು ನಿಜವಾಗಿ ಏನು ಹೇಳಿದ್ದಳು ಎಂದು ನನಗೆ ಕೇಳಬೇಕು. ಕಳಿಸು.

ನಾಗ


ಕೋಟ
14 ಜನವರಿ 2015

ನಾಗ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ, ನಿಲಯದ ಕಾಗದದಲ್ಲಲ್ಲ.

ಮುನ್ನೂರ ಹನ್ನೆರಡು ಸಲ ಎಂದು ಎಣಿಸಿ ಬರೆದಿದ್ದೀಯಲ್ಲ, ಅದನ್ನು ಓದಿ ನನಗೂ ಸಿಟ್ಟು ಬಂತು. ಹಂಚಿನ ಮೇಲೆ ಹತ್ತಿ ಆಂಟೆನಾ ಕಟ್ಟಿ ಸ್ನೇಹಿತನ ಉಸಿರನ್ನು ಹಿಡಿದು ಹಿಡಿದು ಡಬ್ಬಿಗೆ ತುಂಬುವುದು ಯಾವ ಸೀಮೆಯ ಕೆಲಸ? ನೀನು ರೇಡಿಯೊ ಕೇಳುವವನು. ಮಾಡುವವನ ಪಾಡು ನಿನಗೆ ತಿಳಿಯುವುದಿಲ್ಲ. ಆ ಜಾಹೀರಾತಿನ ಮಾತು ಬರೆದವನು ನಾನಲ್ಲ, ಬಾಲಚಂದ್ರ. ನಾನು ತಂದ ರೆಕಾರ್ಡಿಂಗ್ ಕೇಳಿ, ಈ ಹೆಂಗಸಿನ ದನಿ ಭಾರಿ ಇದೆ, ಇದರಲ್ಲೇ ಜಾಹೀರಾತು ಮಾಡುವ ಎಂದ. ಕತ್ತರಿಸಿದವನೂ ಅವನೇ. ನಾನು ನನ್ನ ಸಾಲು ಓದಿದೆ. ಓದದಿದ್ದರೆ ಓದುವವರು ಹೊರಗೆ ಸಾಲಾಗಿ ನಿಂತಿದ್ದಾರೆ. ದೇವಸ್ಥಾನದ ಪೂಜೆ ಬಿಟ್ಟು ಮೈಕಿನ ಮುಂದೆ ಕೂರುತ್ತೇನೆ ಎಂದದ್ದಕ್ಕೆ ಅಪ್ಪಯ್ಯ ಆರು ವರ್ಷ ನನ್ನ ಹತ್ತಿರ ಮಾತು ಬಿಟ್ಟಿದ್ದರು, ಅದು ನಿನಗೆ ಗೊತ್ತು. ಈ ಕೆಲಸವೂ ಇಲ್ಲವಾದರೆ ನಾನು ಯಾವ ಮುಖ ಹೊತ್ತು ಆ ಗರ್ಭಗುಡಿಯ ಮುಂದೆ ನಿಲ್ಲಲಿ?

ಒಂದು ಮಾತು ನೇರ ಹೇಳುತ್ತೇನೆ. ನಿನ್ನ ಸಿಟ್ಟು ನಿನ್ನ ಅಮ್ಮ ಜಲಜಕ್ಕನ ಸಲುವಾಗಿ ಮಾತ್ರವೇ? 1999ರಲ್ಲಿ ಉದ್ಘೋಷಕರ ಪರೀಕ್ಷೆಗೆ ನಾವಿಬ್ಬರೂ ಹೋದೆವು. ನಿನ್ನದು ಉಚ್ಚಾರ ಸರಿಯಿಲ್ಲ ಎಂದು ಬಿಟ್ಟರು, ನನ್ನನ್ನು ತೆಗೆದುಕೊಂಡರು. ಆ ದಿನ ಬಸ್ಸಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಆಮೇಲಿನ ಹದಿನೈದು ವರ್ಷ ಹೆಚ್ಚು ಕಡಿಮೆ ಹಾಗೇ ಇದ್ದೆ. ಈಗ ಒಂದು ನೆಪ ಸಿಕ್ಕಿತು.

ಮೂಲ ರೆಕಾರ್ಡಿಂಗ್ ನಿಲಯದ ಸ್ವತ್ತು. ಹೊರಗೆ ಕೊಡಲು ನನಗೆ ಅಧಿಕಾರವಿಲ್ಲ. ಕೇಳಬೇಡ.

ಪ್ರಸಾರ ಶುರುವಾಗುವ ಮೊದಲೂ ಯಂತ್ರ ಹಾಕಿಡುತ್ತೇನೆ ಎಂದು ಬರೆದಿದ್ದೀ. ಈಗಲೂ ಹಾಗೇ ಮಾಡುತ್ತೀಯೋ? ನಮ್ಮ ಪ್ರಸಾರ ಆರಕ್ಕೆ, ಟ್ರಾನ್ಸ್‌ಮಿಟರನ್ನು ಐದೂವರೆಗೇ ಹಚ್ಚುತ್ತೇವೆ. ಸುಮ್ಮನೆ ಹೇಳಿದೆ.

ಶ್ರೀಶ


ಕುಂದಾಪುರ ಕೋಡಿ
27 ಜನವರಿ 2015

ಶ್ರೀಶ,

ವರದಿ. ಜನವರಿ 22, ಗುರುವಾರ, ಬೆಳಗ್ಗೆ ಐದು ಗಂಟೆ ನಲವತ್ತೊಂದು ನಿಮಿಷ. ಅಲೆ ಸ್ಪಷ್ಟ, ಅಡಚಣೆ ಇಲ್ಲ. ಮೊದಲು ನಾಲ್ಕು ನಿಮಿಷ ಬರಿ ಮೌನ. ಆಮೇಲೆ ಯಾರೋ ಗಂಟಲು ಸರಿ ಮಾಡಿಕೊಂಡರು, ಮಾತಾಡಲಿಲ್ಲ. ಆ ಗಂಟಲು ಯಾರದೆಂದು ನನಗೆ ಗೊತ್ತು. ಆಮೇಲೆ ಬಸ್ಸು, ಕಂಡಕ್ಟರ್, ನನ್ನ ಅಮ್ಮ:

"ಹೆಚ್ಚಿತ್ ಸೀತು. ನಿನ್ ಪಾಲ್ ಎತ್ತಿಟ್ಟಿದೆ, ಎಲೆ ಅಡಿಗೆ ಇತ್ತ್ ಕಾಣ್."

ಇಷ್ಟೇ. ಹನ್ನೊಂದು ಸೆಕೆಂಡು. ಮತ್ತೆ ಮೌನ. ಆರಕ್ಕೆ ಸುಪ್ರಭಾತ.

ನಾನು ಇಪ್ಪತ್ತು ಸಲ ಕೇಳಿರಬಹುದು. ಇಟ್ಟುಕೊಂಡೂ ಕೊಡದವಳು ಎಂದು ನೀವು ಊರಿಗೆ ಸಾರಿದಿರಿ. ಬುಟ್ಟಿ ಬರಿದಾದ ಮೇಲೂ ಕೋಟದ ಬಾಡಿಗೆ ಮನೆಯ ಗಿರಾಕಿ ಸೀತುವಿಗೆ ಎಂದು ಎಲೆಯ ಕೆಳಗೆ ನಾಲ್ಕು ಬಂಗುಡೆ ತೆಗೆದಿಟ್ಟವಳ ಮಾತು ಅದು. ಮಾತಿನ ಅರ್ಧ ಕಡಿದು, ಉಳಿದರ್ಧಕ್ಕೆ ನಾಯಿಗೆ ಹೇಳಿದ್ದನ್ನು ಅಂಟಿಸಿದಿರಿ.

ಇದನ್ನು ಹಾಕಿದ್ದಕ್ಕೆ ನಿನಗೆ ಉಪಕಾರ ಹೇಳಬೇಕು ಎಂದು ರತ್ನ ಹೇಳುತ್ತಾಳೆ. ನಾನು ಹೇಳುವುದಿಲ್ಲ. ಐದೂ ನಲವತ್ತೊಂದಕ್ಕೆ ಬ್ರಹ್ಮಾವರದಿಂದ ಕುಂದಾಪುರದವರೆಗೆ ನಿನ್ನ ನಿಲಯ ಹಚ್ಚಿಕೊಂಡದ್ದು ನನ್ನ ಕಂಪ್ಯೂಟರ್ ಒಂದೇ. ತಪ್ಪಾಯಿತು ಎಂದು ನೀನು ಒಂದು ಡಾಂಗಲ್ಲಿಗೆ ಹೇಳಿದೆ. ಅವಮಾನ ಮಾತ್ರ ತುಂಬಿದ ಬಸ್ಸಿನಲ್ಲಿ.

1999ರ ಮಾತು ತೆಗೆದೆ. ಹೌದು, ಹೊಟ್ಟೆ ಉರಿದಿತ್ತು. ಆ ದಿನ ನನ್ನ ನಾಲಿಗೆಯಲ್ಲಿ ಊರು ಇದೆ, ರೇಡಿಯೊಗೆ ಆಗುವುದಿಲ್ಲ ಎಂದರು. ನಾನು ಒಪ್ಪಿಕೊಂಡು ಸ್ಕ್ರೂ ಡ್ರೈವರ್ ಹಿಡಿದೆ. ಈಗ ಅದೇ ಊರಿನ ನಾಲಿಗೆ ನಿಮಗೆ ಬೇಕಾಯಿತು, ನಗಿಸುವುದಕ್ಕೆ. ಅದಕ್ಕೆ ಪರೀಕ್ಷೆ ಇಲ್ಲ, ಹೆಸರಿಲ್ಲ, ಕೇಳುವ ಕ್ರಮವೂ ಇಲ್ಲ. ಈ ಎರಡು ಸಿಟ್ಟುಗಳನ್ನು ಬೇರೆ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ. ನೀನೇ ಮಾಡಿಕೋ.

ಅಮ್ಮನಿಗೆ ಅದನ್ನು ಕೇಳಿಸಿದೆ. ಅವಳು ನಿನಗೆ ಕಾಗದ ಬರೆಸುತ್ತಾಳಂತೆ.

ನಾಗ


ಕುಂದಾಪುರ ಕೋಡಿ
1 ಫೆಬ್ರವರಿ 2015

ಶ್ರೀಶಯ್ಯ,

ನಂಗೆ ಬರಿಯೂಕೆ ಬತ್ತಿಲ್ಲೆ. ಸೊಸೆ ರತ್ನ ಬರೀತಾ ಇತ್ತ್. ನಾನ್ ಹೇಳದ್ದನ್ನ್ ತಿದ್ದೂಕಾಗ ಅಂದಿದೆ.

ನಾಗ ನನ್ನ್ ದನಿ ನಂಗೇ ಕೇಳ್ಸ್ದ. ಸಮಾ ಕೇಳತ್ತ್. ಆರೆ ಅದನ್ನ್ ನಂಗೆ ಕೇಳ್ಸಿ ಎಂತ ಸುಖ? ನಾನ್ ಹೇಳದ್ದ್ ನಂಗೆ ಗೊತ್ತಿತ್ತಲೆ.

ನೀವ್ ನಗಾಡದ್ದಕ್ಕೆ ನಂಗೆ ಸಿಟ್ಟಿಲ್ಲೆ. ಬಸ್ ಸ್ಟ್ಯಾಂಡಲ್ಲಿ ನಲ್ವತ್ ವರ್ಷ ಕೂತವ್ಳ್ ನಾನ್, ನಗಾಡ್ದವ್ರಿಗೆ ತಿರ್ಗಿ ಹೇಳೂಕೆ ನಂಗೆ ಬತ್ತ್. ನಾಯಿಗೆ ಹೇಳದ್ ಮಾತನ್ನ್ ಸೀತುಗೆ ಹೇಳ್ದಂಗೆ ಮಾಡಿರಲೆ, ಅದಕ್ಕೆ ಸಿಟ್ಟ್. ಆ ದಿನ ಮೀನ್ ಕೇಂಡದ್ದ್ ತಾನೇ ಅಂದೇಳಿ ಸೀತುಗೆ ಗೊತ್ತಿತ್ತ್. ಕೇರಿಯಲ್ಲ್ ಅವ್ಳಿಗೂ ನಗಾಡ್ದ್ರ್. ಆಗಿಂದ ಅವ್ಳ್ ನನ್ನ್ ಹತ್ರ ಬರ್ಲಿಲ್ಲೆ. ಎಲೆ ಅಡಿಗೆ ಅವ್ಳ್ ಪಾಲ್ ಹಾಂಗೇ ಉಳೀತ್. ನಾನೇ ತಿರ್ಗಿ ಹೊತ್ಕಂಡ್ ಬಂದೆ.

ನಿಮ್ಮ್ ಮನಿಯಲ್ಲ್ ಅಕ್ಕಿ ಡಬ್ಬಿ ತಳ ಕಂಡ್ರೆ ನಿಮ್ಮ್ ಅಮ್ಮ ಎಂತ ಅಂತ್ರ್? ಹೆಚ್ಚಿತ್ ಅಂತ್ರ್. ನಾನೂ ಅದನ್ನೇ ಅಂದದ್ದ್. ಅವ್ರ್ ಅಂದ್ರೆ ಶಾಸ್ತ್ರ, ನಾನ್ ಅಂದ್ರೆ ತಮಾಷಿಯಾ?

ಹದಿನೇಳ್ ವರ್ಷದ ಹೈದ ಆಯಿ ನಮ್ಮನಿಗೆ ಬಪ್ಪತಿಗೂ ನಿಮ್ಗೆ ನೀವ್ ಅಂದೆ. ಇವತ್ ಒಂದ್ ಮಾತ್ ನೀನ್ ಅಂದೇ ಹೇಳ್ತೆ, ಬೇಜಾರ್ ಮಾಡ್ಕಂಬುಕಾಗ. ನೀನ್ ಕದ್ದದ್ದ್ ಎಲ್ಲರ ಎದ್ರಿಗೆ. ತಿರ್ಗಿ ಕೊಡುದೂ ಎಲ್ಲರ ಎದ್ರಿಗೇ ಆಯ್ಕ್. ಎಂಟೂ ಹತ್ತರ ಬಸ್ಸಿಗೆ.

ಜಲಜ

ಬರೆದವಳ ಮಾತು: ಶ್ರೀಶಣ್ಣ, ಅವರು ಹೇಳಿದ ಹಾಗೇ ಬರೆದಿದ್ದೇನೆ. "ನೀನ್" ಎನ್ನುವಾಗ ಅವರ ದನಿ ನಡುಗಿತು. ಅದು ಕಾಗದದಲ್ಲಿ ಬರುವುದಿಲ್ಲ, ಹಾಗಾಗಿ ತಿಳಿಸಿದೆ. ರತ್ನ.


(ಅಂಚೆ ಕಾರ್ಡು)

ಕೋಟ
18 ಫೆಬ್ರವರಿ 2015

ದೃಢೀಕರಣ

ಕೇಳುಗರು: ಜಲಜ, ಕುಂದಾಪುರ ಕೋಡಿ.
ನಿಲಯ: ಪಡುಗಾಳಿ ಎಫ್‌ಎಂ, ಬ್ರಹ್ಮಾವರ.
ದಿನ ಮತ್ತು ಹೊತ್ತು: ಫೆಬ್ರವರಿ 16, ಸೋಮವಾರ, ಬೆಳಗ್ಗೆ 8.10.

ಆ ಹೊತ್ತಿಗೆ ಜಾಹೀರಾತಿನ ಬದಲು ಪ್ರಸಾರವಾದ ಹನ್ನೊಂದು ಸೆಕೆಂಡಿನ ಮಾತು ಜಲಜ ಅವರದು. ನಾಲ್ಕು ತಿಂಗಳಿನಿಂದ ಜಾಹೀರಾತಿನಲ್ಲಿ ಕಡಿದು ಅಂಟಿಸಿದ ದನಿಯೂ ಅವರದೇ, ಅವರನ್ನು ಕೇಳದೆ ತೆಗೆದದ್ದು. ಅರ್ಥ ಗೊತ್ತಿದ್ದೂ ತಿರುಚಿ ಓದಿದ ದನಿ ನನ್ನದು. ಇದನ್ನೆಲ್ಲ ಆ ದಿನ ಮೈಕಿನಲ್ಲಿಯೂ ಹೇಳಿದ್ದೇನೆ. ನೀವು ಕೇಳಿದ್ದು ನಮ್ಮನ್ನೇ, ನಿಜ.

ಶ್ರೀಶ ಉಪಾಧ್ಯ

ಹಿಂಬದಿ: ನಾಗ, ಎಂಟೂ ಹದಿಮೂರಕ್ಕೆ ಬಾಲಚಂದ್ರ ಬಂದು ಮೈಕ್ ಬಂದ್ ಮಾಡಿದ. ನಿಲಯದ ಕೆಲಸ ಹೆಚ್ಚಿತು.


ಕುಂದಾಪುರ ಕೋಡಿ
2 ಮಾರ್ಚ್ 2015

ಶ್ರೀಶ,

ಕಾರ್ಡು ಬಂತು. ನಿನ್ನ ಅಕ್ಷರ ಹದಿನೇಳರ ವಯಸ್ಸಿನಲ್ಲಿ ಇದ್ದಷ್ಟೇ ಕೆಟ್ಟದಾಗಿದೆ.

ಆ ಸೋಮವಾರ ಅಮ್ಮ ಬಸ್ಸಿನಲ್ಲೇ ಇದ್ದಳು. ಹನ್ನೊಂದು ಸೆಕೆಂಡು ಮುಗಿದ ಮೇಲೆ ನೀನು ಮಾತಾಡಿದೆಯಲ್ಲ, ಅದನ್ನು ಬಸ್ಸಿನವರೆಲ್ಲ ಕೇಳಿದರಂತೆ. ಕಂಡಕ್ಟರ್ ಕೋಟದಲ್ಲಿ ತಾನೇ ಬುಟ್ಟಿ ಇಳಿಸಿಕೊಟ್ಟನಂತೆ. ಅವನು ನಗಾಡಿದ್ದನ್ನು ಅಮ್ಮ ಮರೆತಿಲ್ಲ. "ನಾಳಿಂದ ದಿನಾ ಇಳ್ಸ್" ಎಂದಳಂತೆ. ಸೀತು ಮಾರನೆಯ ದಿನ ಬಂದಳು. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ, ಎಲೆಯ ಕೆಳಗಿನದು ಮಾತ್ರ ವಾಪಸ್ ಬರಲಿಲ್ಲ. ಮೂರನೆಯ ದಿನ ನಾನು ಏನೋ ಸಾಮಾನು ತರುವ ನೆಪದಲ್ಲಿ ಕೋಟಕ್ಕೆ ಹೋದೆ. ಹೆದ್ದಾರಿಯ ಆಚೆ ಬದಿಯಲ್ಲಿ ಇಳಿಯುವಾಗಲೇ ಅಮ್ಮನ ಕೂಗು ಕೇಳಿಸಿತು. ರೆಕಾರ್ಡ್ ಮಾಡಲಿಲ್ಲ.

ಯಂತ್ರ ಬಿಚ್ಚಿಟ್ಟಿದ್ದೇನೆ. ಆಂಟೆನಾ ಇನ್ನೂ ಹಂಚಿನ ಮೇಲಿದೆ, ಕಾಗೆ ಕೂರುತ್ತದೆ. ಆ ಜಾಹೀರಾತು ಈಗ ಬರುವುದಿಲ್ಲ. ಅದರ ಜಾಗದಲ್ಲಿ ನಿನ್ನ ಹಾಗೇ ತುಪ್ಪದ ದನಿಯ ಇನ್ನೊಬ್ಬ ಬಂದಿದ್ದಾನೆ. ನೀನು ಹೇಳಿದ್ದು ಸರಿ, ಹೊರಗೆ ಸಾಲು ಇತ್ತು.

ಕಾರ್ಡಿನ ಹಿಂಬದಿಯ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಮೀನಿನ ಕತ್ತಿ ಕೆಳಗಿಟ್ಟಳು. ಆಮೇಲೆ, "ಅವ್ರ್ ಮೀನ್ ತಿಂಬುದಿಲ್ಲೆ ಅಲ್ದಾ. ಎಲೆ ಅಡಿಗೆ ಎಂತ ಇಡುದ್ ಮಗಾ?" ಎಂದು ಕೇಳಿದಳು. ನಿನ್ನೆ ಯಾರನ್ನೂ ಕೇಳದೇ ಎರಡು ಸೌತೆಕಾಯಿ ತಂದು, ಬುಟ್ಟಿಗೆ ತಾಗದ ಹಾಗೆ ಬೇರೆ ಚೀಲದಲ್ಲಿ ಹಾಕಿ, ಎಲೆ ಮುಚ್ಚಿ ಇಟ್ಟಿದ್ದಾಳೆ. ಕೋಟದ ಬಸ್ ಸ್ಟ್ಯಾಂಡಿಗೆ ಬಂದರೆ ನಿನ್ನ ಪಾಲು ತೆಗೆದುಕೊಂಡು ಹೋಗು. ಬಾಡುವ ಮೊದಲು.

ಇದನ್ನು ಅವಳು ಇಟ್ಟದ್ದು, ನಾನಲ್ಲ. ನನ್ನ ಸಿಟ್ಟು ಇನ್ನೂ ಹೆಚ್ಚಲಿಲ್ಲ. ಯಾವ ಅರ್ಥದಲ್ಲಿ ಹೇಳಿದೆ ಎಂದು ನೀನು ಕೋಟದವನು, ನಿನಗೆ ಗೊತ್ತು.

ನಾಗ